ಮುಂದ ಹೇಳಾಕಿ

ನನ್ನ ಚಿಂತೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಹಿತ್ತಾಳೆಯದು, ತುದಿಯಲ್ಲಿ ನೀಲಿ ದಾರ. ನಾಚಿಕೆಗೆ ಡೈರಿಯಲ್ಲೂ ಅದರ ಹೆಸರು ಹಾಕದೆ ‘ಅದು’ ಎಂದಷ್ಟೇ ಬರೆಯುತ್ತಿದ್ದೆ. ‘ಅದು ಇನ್ನೂ ನನ್ನ ಬ್ಯಾಗಿನಲ್ಲಿದೆ. ಇವತ್ತೂ ಯಾರೂ ಕೇಳಲಿಲ್ಲ.’

ಅದು ನಮ್ಮೂರ ಬುದ್ಧ ವಿಹಾರದ ಚಾವಿ.

ಕರಜಗಿ ದಾಟಿ ಕಬ್ಬಿನ ಹೊಲಗಳ ನಡುವೆ ಹೋದರೆ ನಮ್ಮೂರು ಬರುತ್ತದೆ. ಊರು ಮುಗಿದು ಹೊಲ ಶುರುವಾಗುವಲ್ಲಿ ವಿಹಾರ. ಒಂದೇ ಕೋಣೆ, ಸುಣ್ಣದ ಗೋಡೆ, ಒಳಗೆ ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಭಾನುವಾರ ಬೆಳಿಗ್ಗೆ ಅಲ್ಲಿ ವಂದನೆ. ಅದನ್ನು ನಡೆಸುತ್ತಿದ್ದವರು ಹುಲೆಪ್ಪ. ಇಡೀ ಓಣಿಗೆ ಅವರು ಮುತ್ಯಾ.

ನಡೆಸುವುದೆಂದರೆ ಬರೀ ಬಾಗಿಲು ತೆಗೆಯುವುದಲ್ಲ. ಮುತ್ಯಾ ಮೊದಲು ಓಣಿಯ ಪ್ರತಿ ಮನೆಯ ಮುಂದೆ ನಿಂತು ಕೋಲಿನಿಂದ ಕದ ಬಡಿಯುತ್ತಿದ್ದರು. “ಏಳ್ರಲೇ! ಬುದ್ಧ ಎದ್ದು ಎರಡೂವರೆ ಸಾವಿರ ವರ್ಷ ಆತು, ನೀವಿನ್ನಾ ಮಲಗೀರಿ!” ಬೈಸಿಕೊಂಡವರು ಮುಖ ತೊಳೆದು ಬರುತ್ತಿದ್ದರು. ಬೈಸಿಕೊಳ್ಳದವರು ಬರುತ್ತಿರಲಿಲ್ಲ. ಆಮೇಲೆ ಮುತ್ಯಾ ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಮೊದಲು ಪಾಲಿ ಸಾಲು, ಅದರ ಬೆನ್ನಿಗೇ ಕನ್ನಡದಲ್ಲಿ ಅದರ ಅರ್ಥ. ಎರಡನ್ನೂ ಕಣ್ಣು ಮುಚ್ಚಿ, ಕೈ ಜೋಡಿಸಿ ಹಿಂದೆ ಹೇಳಬೇಕು.

“ಮುಂದ ಹೇಳಾವ ಏನಂತಾನ, ಅದನ್ನೇ ಅನ್ರಿ. ನಡುವ ನಿಮ್ಮ ತಲಿ ಓಡಿಸಬ್ಯಾಡ್ರಿ” ಎಂದು ಮುತ್ಯಾನ ಕಟ್ಟಪ್ಪಣೆ. ಊರು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿತ್ತೆಂದರೆ, ಒಮ್ಮೆ ಪಂಚಶೀಲದ ನಡುವೆ ನಾಯಿಯೊಂದು ಒಳಗೆ ಬಂದಾಗ ಮುತ್ಯಾ ರಾಗ ಬಿಡದೆ “ಆ ನಾಯಿ ಹೊರಗ ಹಾಕ್ರಿ” ಎಂದರು. ಇಡೀ ವಿಹಾರ ಕಣ್ಣು ಮುಚ್ಚಿಕೊಂಡು, ಅದೇ ರಾಗದಲ್ಲಿ, “ಆ ನಾಯಿ ಹೊರಗ ಹಾಕ್ರಿ” ಎಂದಿತು. ನಾಯಿ ಮಾತ್ರ ವಂದನೆ ಮುಗಿಯುವತನಕ ಕೂತೇ ಇತ್ತು.

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮುತ್ಯಾ ಆಳಂದಕ್ಕೆ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ನಮ್ಮ ಹಿತ್ತಲಿಗೆ ಬಂದು, ಬಟ್ಟೆ ಒಣಹಾಕುತ್ತಿದ್ದ ನನ್ನ ಕೈಗೆ ಚಾವಿ ಇಟ್ಟರು. ಬೇರೆ ಯಾರೂ ನೋಡಲಿಲ್ಲ, ಆಮೇಲೆ ನಾನೂ ಯಾರಿಗೂ ಹೇಳಲಿಲ್ಲ.

“ಮೈತ್ರಿ, ನೀ ಡಿಗ್ರಿ ಮಾಡಿದಾಕಿ, ಶ್ಯಾಣ್ಯಾಕಿ. ನಾ ಬರೂತನ ಇದು ನಿನ್ನ ಕಡಿ ಇರ್ಲಿ.”

“ಮುತ್ಯಾ, ನಾ ಅಂದ್ರ…”

“ಚಾವಿ ಯಾರ ಕೈಯಾಗ ಇರ್ತದ, ಅವರೇ ಮಂದೀನ ಕರೀಬೇಕು, ಅವರೇ ಮುಂದ ಹೇಳಬೇಕು. ಅಷ್ಟೇ.”

ಅಷ್ಟೇ! ಅಫಜಲಪುರದಲ್ಲಿ ಡಿಗ್ರಿ ಓದುವಾಗ ಹಾಜರಿ ಕರೆದರೆ ನನ್ನ “ಎಸ್ ಸರ್” ಮುಂದಿನ ಬೆಂಚನ್ನೂ ದಾಟುತ್ತಿರಲಿಲ್ಲ. ಕೂತ ಜಾಗದಲ್ಲೇ ಕೂತು ಗೈರುಹಾಜರಾದವಳು ನಾನು. ನನಗೆ ಊರನ್ನು ಕದ ಬಡಿದು ಎಬ್ಬಿಸುವ ಕೆಲಸ.

ಮೊದಲ ಭಾನುವಾರ ಚಾವಿ ಹಿಡಿದು ಹೊರಟದ್ದು ನಿಜ. ಮೊದಲ ಮನೆಯ ಕದದ ಮುಂದೆ ಕೈ ಎತ್ತಿದೆ. ಒಳಗಿಂದ ಯಾರೋ ಕೆಮ್ಮಿದರು. ಕೈ ಇಳಿಸಿದೆ. ಯಾರನ್ನೂ ಕರೆಯದೆ ಬರೀ ಬಾಗಿಲು ತೆಗೆದು ಕೂರೋಣ, ಬಂದವರು ಬರಲಿ ಅಂದುಕೊಂಡೆ. ಬಂದರೆ ಮುಂದೆ ಹೇಳಬೇಕಾಗುತ್ತದಲ್ಲ? ಕಾಲು ವಿಹಾರದ ಮುಂದೆ ನಿಲ್ಲಲೇ ಇಲ್ಲ. ಹಾಗೇ ದಾಟಿ ಹೋಗಿ ಕಾಲುವೆಯ ದಂಡೆಯ ಬೇವಿನ ಮರದ ಬುಡಕ್ಕೆ ಕೂತೆ. ಈಗ ಮಂದಿ ಬರುತ್ತಾರೆ, ಬಾಗಿಲಿಗೆ ಜೋತ ಕೀಲಿ ನೋಡುತ್ತಾರೆ, ಕೂಗಾಡುತ್ತಾರೆ, ಮುತ್ಯಾನನ್ನು ಕೇಳಿ ನನ್ನನ್ನು ಹುಡುಕುತ್ತಾರೆ ಎಂದು ಹೆದರಿ ಓಣಿಯ ಕಡೆಗೇ ಕಿವಿಯಿಟ್ಟಿದ್ದೆ. ಮಧ್ಯಾಹ್ನ ಬೈಸಿಕೊಳ್ಳಲು ತಯಾರಾಗಿ ಮನೆಗೆ ಬಂದೆ.

ಊಟಕ್ಕೆ ಕೂತಾಗ ಆಳಂದದಿಂದ ಮುತ್ಯಾನ ಫೋನು. ಅಪ್ಪ ಸ್ಪೀಕರ್ ಹಾಕಿ ನಡುವೆ ಇಟ್ಟ.

“ಜಗದೇವಾ, ಕಣ್ಣಿಗಿ ಪಟ್ಟಿ ಕಟ್ಯಾರಪ್ಪಾ, ಏನೂ ಕಾಣವಲ್ತು. ಇವತ್ತ ಮಂದಿ ಬಂದಿತ್ತೇನು?”

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅಪ್ಪ ಪ್ರೈಮರಿ ಶಾಲೆಯ ಮಾಸ್ತರ. ಮಕ್ಕಳ ಹಾಜರಿಯಲ್ಲಿ ಒಂದು ಚುಕ್ಕಿ ಆಚೀಚೆ ಆಗಗೊಡದ ಮನುಷ್ಯ. ಕಣ್ಣು ಪಿಳುಕಿಸದೆ ಹೇಳಿದ:

“ಬಂದಿತ್ತು ಮುತ್ಯಾ! ವಿಹಾರ ತುಂಬಿತ್ತು. ನೀವ್ ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ.”

“ನಾ ಅಡಗಿ ಮುಗಿಸಿ ಹೋಗೂದ್ರಾಗ ಮುಗದೇ ಹೋಗಿತ್ತು ನೋಡ್ರಿ” ಎಂದು ಅವ್ವ ಒಲೆಯ ಹತ್ತಿರದಿಂದ ದನಿ ಸೇರಿಸಿದಳು. “ಮಂದಿ ಹೊರಗ ಬರಾಕತ್ತಿತ್ತು. ಚಪ್ಲಿ ಅಂದ್ರ ಚಪ್ಲಿ, ಕಾಲಿಡಾಕ ಜಾಗಿಲ್ಲ.”

ಅಪ್ಪನ ತಾಯಿ ದ್ರೌಪದಿ ಆಯಿ. ಮೊಣಕಾಲು ಹಿಡಿದು ಎಷ್ಟೋ ದಿನದಿಂದ ಹೊಸ್ತಿಲು ದಾಟಿಲ್ಲ. ಅವಳೇನು ಕಮ್ಮಿ? “ನಾ ಇಲ್ಲೇ ಕುಂತು ಕೇಳಿದೆ ಹುಲೆಪ್ಪಣ್ಣಾ. ಎಷ್ಟ ಛಂದ ಅಂದ್ರು! ಗಾಳಿ ಈ ಕಡೀನೇ ಇತ್ತು.”

ಮುತ್ಯಾನ ದನಿ ಒದ್ದೆಯಾಯಿತು. ಕಣ್ಣು ಒದ್ದೆಯಾಗಬಾರದೆಂದು ಡಾಕ್ಟರು ಹೇಳಿದ್ದರಂತೆ, ಆದ್ದರಿಂದ ಫೋನು ಬೇಗ ಇಟ್ಟರು.

ನಾನು ಬ್ಯಾಗಿನೊಳಗೆ ಕೈ ಹಾಕಿ ಚಾವಿ ಮುಟ್ಟಿ ನೋಡಿಕೊಂಡೆ. ಇತ್ತು.

ಮುಂದಿನ ಭಾನುವಾರ ಬೇವಿನ ಮರದ ಬುಡದಿಂದ ಅಪ್ಪನ ಬೈಕು ಬರುವುದನ್ನು ಕಂಡೆ. ವಿಹಾರದ ಮುಂದೆ ಬೈಕು ಸ್ವಲ್ಪ ನಿಧಾನವಾಯಿತು. ಎಡಗೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಯಿತು, ಹಣೆಗೆ ಹೋಯಿತು, ಮತ್ತೆ ಹ್ಯಾಂಡಲ್ಲಿಗೆ ಬಂತು. ಬೈಕು ಕರಜಗಿಯ ಚಹಾದ ಹೋಟೆಲ್ ಕಡೆಗೆ ಓಡಿತು. ಅಪ್ಪ ಹೇಳುವುದು ಪೂರಾ ಸುಳ್ಳಲ್ಲ ಎಂದು ಆಗ ಹೊಳೆಯಿತು. ವಿಹಾರಕ್ಕೆ ‘ಹೋಗಿದ್ದೆ’ ಅನ್ನುತ್ತಾನೆ. ಹೋಗಿದ್ದ. ನಿಂತಿರಲಿಲ್ಲ, ಅಷ್ಟೇ. ಆಮೇಲೆ ನೋಡಿದರೆ ಓಣಿಯ ಗಂಡಸರೆಲ್ಲ ಹೀಗೇ ಹೋಗುವವರು. ಒಬ್ಬ ಟ್ರ್ಯಾಕ್ಟರಿನ ಮೇಲಿಂದ, ಒಬ್ಬ ಬಸ್ಸಿನ ಕಿಟಕಿಯಿಂದ. ಹಾಗಾಗಿ ಬಾಗಿಲಿನ ಕೀಲಿಯನ್ನು ನೋಡುವಷ್ಟು ಹೊತ್ತು ಯಾರ ಬಳಿಯೂ ಇರಲಿಲ್ಲ. ಉಳಿದವರೆಲ್ಲ ಒಳಗಿದ್ದಾರೆ, ತಾನೊಬ್ಬನೇ ತಪ್ಪಿಸಿಕೊಂಡಿದ್ದೇನೆ ಎಂದು ಒಬ್ಬೊಬ್ಬನೂ ತಿಳಿದಿದ್ದ.

ಮನುಷ್ಯರಿಗೆ ಭಯ ಇಳಿದ ಮೇಲೆ ಕಿಡಿಗೇಡಿತನ ಏರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ:

“ಅಪ್ಪಾ, ಇವತ್ತ ಯಾರು ಮುಂದ ಹೇಳಿದ್ರು?”

“ಹ್ಞಾಂ? ಅದು… ಎಲ್ಲಾರೂ ಕೂಡೇ ಹೇಳಿದ್ವಿ.”

“ಮೇಣಬತ್ತಿ ಯಾರು ಹಚ್ಚಿದ್ರು?”

“ಗಾಳಿ ಭಾಳ ಇತ್ತು. ಹಚ್ಚಿದ್ದು ಆರಿತು, ಆರಿದ್ದು ಹಚ್ಚಿದ್ರು. ಯಾರಂತ ನೋಡ್ಲಿ?” ಅಪ್ಪನಿಗೆ ಬೆವರು ಬಂತು. ಮಾಸ್ತರನಲ್ಲವೇ, ಪ್ರಶ್ನೆಯನ್ನು ನನಗೇ ತಿರುಗಿಸಿದ. “ಅದಿರ್ಲಿ, ನೀ ಎಲ್ಲಿ ಕುಂತಿದ್ದಿ ಬೇ? ಹೋಗಿದ್ದಿಲ್ಲೋ?”

“ಹ್ಞೂಂ” ಎಂದೆ. ನನ್ನ ಸುಳ್ಳಿಗೆ ಒಂದು ಸರಿಯಾದ ಅಕ್ಷರವೂ ಇಲ್ಲ.

“ಹಿಂದ ಕುಂತಿರ್ತಾಳ” ಎಂದಳು ಅವ್ವ. “ಇಕಿ ಯಾವಾಗೂ ಹಿಂದನೇ.”

“ಹೌದೌದು!” ಎಂದ ಅಪ್ಪ. “ನಾ ನೋಡಿದೆ. ಗ್ವಾಡಿಗಿ ಆನ್ಕೊಂಡು ಕುಂತಿದ್ದಳು.”

ಕಾಲೇಜಿನಲ್ಲಿ ಇದ್ದಾಗ ಕಾಣದವಳು ವಿಹಾರದಲ್ಲಿ ಇಲ್ಲದೆ ಕಂಡಿದ್ದೆ. ನನಗೆ ನಗು ತಡೆಯಲಾಗದೆ ನೀರು ಕುಡಿಯುವ ನೆಪ ಮಾಡಿ ಎದ್ದೆ.

ಹೀಗೆ ಒಂದು ತಿಂಗಳು ನಮ್ಮ ವಿಹಾರ ಕೀಲಿಯೊಳಗೇ ತುಂಬಿ ತುಳುಕಿತು. ಓಣಿಯ ಪ್ರತಿ ಮನೆಯಿಂದ ಆಳಂದಕ್ಕೆ ಫೋನು ಹೋಗುತ್ತಿತ್ತು, ಪ್ರತಿ ಫೋನಿನಲ್ಲೂ ಮಂದಿ ಹೆಚ್ಚುತ್ತಿದ್ದರು. ಒಂದಾದ ಮೇಲೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುತ್ಯಾ ಕೇಳಿದ್ದನ್ನೆಲ್ಲ ನೋಡಿದ ಹಾಗೆ, ಭೇಟಿಗೆ ಬಂದವರಿಗೆಲ್ಲ ಹೇಳಿದರು. ಬಂದವರಲ್ಲಿ ಜೇವರ್ಗಿ ತಾಲೂಕಿನ ಕೊಳಕೂರ ಕಡೆಯ ಗುರುನಾಥ ಎಂಬುವರಿದ್ದರು. ಅವರ ಊರಲ್ಲೂ ಒಂದು ಸಣ್ಣ ವಿಹಾರವಿದೆ, ಅದಕ್ಕೆ ಇವರು ಹಿರಿಯರು.

ಆ ವಾರ ಮುತ್ಯಾ ಫೋನಿನಲ್ಲಿ ಕುಣಿದಾಡಿದರು. “ಗುರುನಾಥ ಕ್ರೂಸರ್ ಗಾಡಿ ಮಾಡ್ಕೊಂಡು ಮಂದೀನ ಕರ್ಕೊಂಡು ಬರ್ತಾನಂತ ಈ ಐತವಾರ! ನಿಮ್ಮ ಊರಾಗ ವಂದನಾ ಹೆಂಗ ನಡೀತದ ನೋಡಿ ಕಲ್ತು ಹೋಗ್ತೀವಿ ಅಂದ!”

ಅಪ್ಪನ ಮುಖದ ಬಣ್ಣ ಹೋಯಿತು. ಅರ್ಧ ತಾಸಿನಲ್ಲಿ ಓಣಿಯ ಎಲ್ಲರ ಮುಖದ ಬಣ್ಣ ಹೋಯಿತು. ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಮನೆಯಿಂದ ಮನೆಗೆ ಹೋಗಿ, “ಐತವಾರ ಎಲ್ಲಾರೂ ಬರ್ರಿ ಮತ್ತ, ಪ್ರತಿ ವಾರದ್ಹಂಗ” ಅಂದರು. “ಬರ್ತೀವಲ್ರಿ, ಪ್ರತಿ ವಾರದ್ಹಂಗ” ಎಂದು ಉತ್ತರ ಬಂತು. ಚಾವಿ ಯಾರ ಹತ್ತಿರ ಇದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಪ್ರತಿ ವಾರ ಹೋಗುವವರು ಅದನ್ನು ಹೇಗೆ ಕೇಳುತ್ತಾರೆ?

ಭಾನುವಾರ ಬೆಳಗಾಗುತ್ತಲೇ ಕಸಬರಿಗೆ ಹಿಡಿದು ಓಡಿದೆ. ಕೀಲಿಯ ತೂತಿನಲ್ಲಿ ಕಣಜವೊಂದು ಮಣ್ಣಿನ ಮನೆ ಕಟ್ಟಿತ್ತು. ಪಿನ್ನಿನಿಂದ ಕೆದರಿ ತೆಗೆದೆ. ಒಳಗೆ ಜೇಡರ ಬಲೆ, ಇಲಿಯ ಹಿಕ್ಕೆ, ಮುತ್ಯಾ ಹೋಗುವ ಮುಂಚೆ ಹಾಕಿದ ಹಾರ ಒಣಗಿ ಹಗ್ಗವಾಗಿತ್ತು. ಇದನ್ನೆಲ್ಲ ಗುಡಿಸಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಉಳಿವು, ಊರಿಗೂ ಉಳಿವು ಎಂದು ಜೋರಾಗಿ ಗುಡಿಸತೊಡಗಿದೆ.

“ಜೈ ಭೀಮ ಬೇ ತಂಗಿ.”

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅವ್ವನ ವಯಸ್ಸು, ಎತ್ತರದ ಆಳು, ಬಿಳಿ ಸೀರೆ. ಸೆರಗಿನ ತುದಿಯ ಗಂಟಿನಲ್ಲಿ ಏನೋ ಭಾರ ತೂಗುತ್ತಿತ್ತು.

“ನಾ ಅಂಬುಬಾಯಿ, ಕೊಳಕೂರ ಕಡ್ಯಾಕಿ. ನಮ್ಮವರು ನಿಮ್ಮ ಓಣ್ಯಾಗ ಚಹಾ ಕುಡ್ಯಾಕತ್ಯಾರ. ನಾ ಮೊದಲ ಇಲ್ಲಿ ನೋಡಿ ಬರಬೇಕಂತ ಬಂದೆ.” ಅವಳು ತಲೆ ಎತ್ತಿ ಮೂಲೆ ಮೂಲೆ ನೋಡಿದಳು. “ಅಲ್ ಬೇ, ವಾರಾ ವಾರಾ ತುಂಬೋ ವಿಹಾರದಾಗ ಇಷ್ಟೊಂದು ಬಲಿ ಕಟ್ಟಾಕ ಜೇಡಕ್ಕ ಪುರಸೊತ್ತು ಯಾವಾಗ ಸಿಕ್ತು?”

“ಹ್ಞೂಂ” ಎಂದೆ.

ಅವಳು ನಕ್ಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕಸಬರಿಗೆ ತೆಗೆದುಕೊಂಡಳು. ಗುಡಿಸುತ್ತಲೇ ಮಾತು.

“ನಮ್ಮಲ್ಲಿ ನಾನೇ ಬಾಗ್ಲಾ ತೆಗಿಯಾಕಿ. ನಾ ಬರ್ತೇನಿ, ನಮ್ಮ ನೆಗೆಣ್ಣಿ, ಮೈದುನನ ಹೆಣ್ತಿ, ಬರ್ತಾಳ, ಆಕಿ ಹಿಂದ ಆಕಿ ಆಡು ಬರ್ತದ. ಯಾರರ ಕೇಳಿದ್ರ ಇಬ್ಬರು ಅಂತೇನಿ. ಆಡು ಹಿಡಿದ್ರ ಮೂರು. ಖರೇ ಹೇಳ್ಬೇಕಂದ್ರ ಹೊತ್ತಿಗಿ ಸರಿಯಾಗಿ ಬರೂದು ಆಡು ಒಂದೇ.”

ನಾನು ಸದ್ದಿಲ್ಲದೆ ನಕ್ಕೆ. ಅವಳು ನಗಲಿಲ್ಲ.

“ನಿಮ್ಮೂರ ಸುದ್ದಿ ಕೇಳಿದಾಗಿಂದ ಗುರುನಾಥ ಕಾಕಾ ನನ್ನ ಬೆನ್ನ ಹತ್ಯಾನ. ಅಲ್ಲಿ ಕಾಲಿಡಾಕ ಜಾಗಿಲ್ಲ, ಇಲ್ಲಿ ಇಬ್ಬರು. ತಪ್ಪು ನಿಂದೇ ಅಂಬುಬಾಯಿ, ನಿನ್ನ ಬಾಯಿಗಿ ಅಂಜಿ ಮಂದಿ ಬರಂಗಿಲ್ಲ ಅಂತಾನ. ನಾನೂ ಎಲ್ಲಾರಂಗ ತುಂಬಿತ್ತು ಅಂತ ಹೇಳಿದ್ರ ಆಗ್ತಿತ್ತೇನೋ. ನಂಗ ಬರಲಿಲ್ಲ ಅದು.” ಸೆರಗಿನ ಗಂಟನ್ನು ಕೈಯಲ್ಲಿ ತೂಗಿದಳು. “ಇವತ್ತ ನಿಮ್ಮದು ನೋಡಿ, ಚಾವಿ ನನ್ನ ಕಡಿಂದ ತಗೊಂಡು ಬ್ಯಾರೆಯವರಿಗಿ ಕೊಡ್ತಾನಂತ. ನನ್ನ ಗಂಡ ಹೊತ್ತು ತಂದ ಕಲ್ಲು ಅದಾವ ಬೇ ಆ ಗ್ವಾಡ್ಯಾಗ. ಆತ ಹೋದಾಗಿಂದ ಒಂದು ಐತವಾರ ಬಾಗ್ಲಾ ಮುಚ್ಚಿಲ್ಲ ನಾ.”

ಕಸಬರಿಗೆ ನಿಲ್ಲಿಸಿ ನನ್ನನ್ನು ನೋಡಿದಳು.

“ಹೋಗ್ಲಿ ಬಿಡು. ಕೊಡೂ ಮುಂಚೆ ಏನರ ಕಲ್ತು ಹೋಗ್ತೇನಿ. ಹೇಳು ತಂಗಿ, ನೀವು ಏನ್ ಮಾಡ್ತೀರಿ? ನಾ ಎಲ್ಲಿ ತಪ್ಪೇನಿ?”

ನನ್ನ ಕೈಯಲ್ಲಿ ಮುದ್ದೆಯಾದ ಜೇಡರ ಬಲೆ ಇತ್ತು. ಬಾಯಿ ತೆರೆದೆ. ದನಿ ಮುಂದಿನ ಬೆಂಚಿನ ತನಕವೂ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಮಂದಿಯ ಗದ್ದಲ ಕೇಳಿಸಿತು.

ಇಡೀ ಓಣಿ ಬಿಳಿ ಬಟ್ಟೆ ಹಾಕಿಕೊಂಡು ಬಂದಿತ್ತು. ಅವ್ವ ಎಲ್ಲರಿಗಿಂತ ಮುಂದೆ. ದ್ರೌಪದಿ ಆಯಿಯನ್ನು ಇಬ್ಬರು ಕುರ್ಚಿಯ ಸಮೇತ ಹೊತ್ತು ತಂದರು. “ಜಮಖಾನಿ ಎಲ್ಲಿ ಇಟ್ಟೀರಿ?” ಎಂದು ಒಬ್ಬರನ್ನೊಬ್ಬರು ಕಣ್ಸನ್ನೆಯಲ್ಲಿ ಕೇಳಿಕೊಂಡರು. ಅಪ್ಪ ಫ್ಯಾನಿನ ಸ್ವಿಚ್ಚು ಹುಡುಕಿ ಇದ್ದಬದ್ದ ಸ್ವಿಚ್ಚೆಲ್ಲ ಒತ್ತಿದ. ಆ ಫ್ಯಾನು ಕೆಟ್ಟುಹೋಗಿ ಮುತ್ಯಾ ಬೇಸಿಗೆಯಲ್ಲೇ ಕಳಚಿಸಿದ್ದರು. ಅಂಬುಬಾಯಿ ಮೇಲಿನ ಬರೀ ಕೊಕ್ಕೆಯನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು.

ಗುರುನಾಥ ಕಾಕಾ ಇಸ್ತ್ರಿಯ ಜುಬ್ಬಾದಲ್ಲಿ ಬಾಗಿಲಲ್ಲೇ ನಿಂತುಬಿಟ್ಟರು. “ಅಬ್ಬಬ್ಬಬ್ಬಾ! ಜಗದೇವ ಮಾಸ್ತರ, ಇದು ಖರೇ ವಿಹಾರ ಅಂದ್ರ!”

“ಪ್ರತಿ ವಾರ ಹಿಂಗೇ ರೀ” ಎಂದ ಅಪ್ಪ. ಒಂದು ಕ್ಷಣ ಬಿಟ್ಟು, ತಡೆಯಲಾಗದೆ, “ಇವತ್ತ ಜರಾ ಕಡಿಮಿನೇ” ಎಂದು ಸೇರಿಸಿದ.

“ಚಾವಿ ಯಾರ ಕಡಿ ಇರ್ತದ್ರಿ?”

ಎಲ್ಲರೂ ಎಲ್ಲರನ್ನೂ ನೋಡಿದರು. ನಾನು ನೀಲಿ ದಾರ ಎತ್ತಿ ಹಿಡಿದೆ. ಅಪ್ಪನ ಹುಬ್ಬು ಹಣೆಯ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಮಾಸ್ತರನಲ್ಲವೇ, ಬೇಗ ಇಳಿಸಿಕೊಂಡ. “ನನ್ನ ಮಗಳೇ ರೀ! ಪ್ರತಿ ವಾರ ಇಕಿನೇ ಮುಂದ ಹೇಳ್ತಾಳ.”

“ಭೇಷ್! ನೋಡಿದಿ ಅಂಬುಬಾಯಿ? ಸಣ್ಣ ಹುಡುಗಿ, ಬಾಯಿ ಇಲ್ಲ, ಮಂದಿ ಹೆಂಗ ಕೂಡಿಸ್ಯಾಳ! ವಂದನಾ ಮುಗದ ಮ್ಯಾಲೆ ನಿಂದು ಇಲ್ಲೇ ಬಿಚ್ಚಿ ಕೊಡು ನಂಗ.”

ಅಂಬುಬಾಯಿ ಹಿಂದೆ ಹೋಗಿ ಗೋಡೆಗೆ ಆನಿಕೊಂಡು ಕೂತಳು. ಅದು ಅಪ್ಪ ನನ್ನನ್ನು ಕಂಡ ಜಾಗ. ಕೂತು ಸೆರಗಿನ ಗಂಟು ಬಿಚ್ಚತೊಡಗಿದಳು. ಬಹಳ ದಿನದ ಗಂಟು, ಬಿಗಿಯಾಗಿತ್ತು.

ನನ್ನನ್ನು ಮೂರ್ತಿಯ ಮುಂದೆ ಕೂರಿಸಿದರು. ಕೈ ಜೋಡಿಸಿದೆ. ಮಂದಿ ಕಣ್ಣು ಮುಚ್ಚಿದರು.

“ನಮೋ ತಸ್ಸ ಭಗವತೋ…” ನನ್ನ ದನಿ ನೂಲಿನಂತೆ ಹೊರಟಿತು. ಕೇಳಿಸಲೆಂದು ಎಲ್ಲರೂ ಉಸಿರು ಹಿಡಿದರು. ಆಮೇಲೆ ಅದೇ ಸಾಲು ಗೋಡೆ ನಡುಗುವಂತೆ ನನ್ನ ಕಡೆ ತಿರುಗಿ ಬಂತು. ನಾನು ಹೇಳಿದ್ದು ಅಷ್ಟು ದೊಡ್ಡದಾಗಿ ನನಗೇ ಕೇಳಿಸಿದ್ದು ಅದೇ ಮೊದಲು. ಎರಡನೆಯ ಸಾಲಿಗೆ ನೂಲು ದಾರವಾಯಿತು. ತ್ರಿಶರಣ ಮುಗಿಯುವಷ್ಟರಲ್ಲಿ ಹಗ್ಗವಾಗಿತ್ತು.

ಪಂಚಶೀಲ ಬಂತು. ಕೊಲ್ಲುವುದಿಲ್ಲ ಎಂದೆ, ಎಲ್ಲರೂ ಕೊಲ್ಲುವುದಿಲ್ಲ ಎಂದರು. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದೆ, ಅಂದರು. ಮೂರನೆಯದೂ ಆಯಿತು.

“ಮುಸಾವಾದಾ ವೇರಮಣಿ ಸಿಕ್ಖಾಪದಂ ಸಮಾದಿಯಾಮಿ.”

ಎಲ್ಲರೂ ಅಂದರು. ಇನ್ನು ಅದರ ಅರ್ಥ ಹೇಳಬೇಕು. ಸುಳ್ಳು ಹೇಳೂದರಿಂದ ದೂರ ಇರ್ತೇನಿ. ಸಣ್ಣಂದಿನಿಂದ ಬಾಯಿಪಾಠವಾದ ಸಾಲು. ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ಕಣ್ಣು ತೆರೆದೆ. ಸಾಲು ಸಾಲು ಮುಚ್ಚಿದ ಕಣ್ಣುಗಳು. ಅಪ್ಪನ ಮುಖ ಎಷ್ಟು ಶಾಂತವಾಗಿತ್ತೆಂದರೆ ಎದುರಿನ ಮೂರ್ತಿಯೂ ನಾಚಬೇಕು. ಗೋಡೆಯ ಹತ್ತಿರ ಎರಡು ಕಣ್ಣು ಮಾತ್ರ ತೆರೆದಿದ್ದವು, ಉಗುರಿನಿಂದ ಗಂಟು ಬಿಚ್ಚುವ ಕೆಲಸದಲ್ಲಿದ್ದವು. ಗಂಟಿನ ಒಂದು ಸುತ್ತು ಸಡಿಲವಾಗಿತ್ತು.

ಮಂದಿ ಕಾಯುತ್ತಿದ್ದರು. ರಾಗ ಬಿಡದೆ ಹೇಳಿದೆ:

“ಹೋದ ತಿಂಗಳಾಗ ಒಂದು ಐತವಾರಾನೂ ನಾ ವಿಹಾರಕ್ಕ ಬಂದಿಲ್ಲ.”

ಇಡೀ ವಿಹಾರ ಕಣ್ಣು ಮುಚ್ಚಿಕೊಂಡು, ಕೈ ಜೋಡಿಸಿಕೊಂಡು, ಒಂದೇ ದನಿಯಲ್ಲಿ ಹಿಂದೆ ಹೇಳಿತು:

“ಹೋದ ತಿಂಗಳಾಗ ಒಂದು ಐತವಾರಾನೂ ನಾ ವಿಹಾರಕ್ಕ ಬಂದಿಲ್ಲ!”

ಅಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ಅವನ ಪಕ್ಕದಲ್ಲಿ ಗುರುನಾಥ ಕಾಕಾನ ದನಿಯೂ ಕಮ್ಮಿಯಿರಲಿಲ್ಲ. ಅಂಬುಬಾಯಿ ಒಬ್ಬಳೇ ಹಿಂದೆ ಹೇಳಲಿಲ್ಲ. ಗಂಟಿನಿಂದ ಕೈ ತೆಗೆದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಗುವಿಗೆ ಭುಜ ಕುಲುಕುತ್ತಿದ್ದವು. ಒಬ್ಬೊಬ್ಬರಾಗಿ ಕಣ್ಣು ತೆರೆಯತೊಡಗಿದರು.